ಏನೂ ಕೊಟ್ಟಿಲ್ರಿ

ನನ್ನ ಬಾಯಿ ಜೋರು ಅಂತ ವಿನೋಬನಗರದ ನಮ್ಮ ಓಣಿಗೆಲ್ಲ ಗೊತ್ತು. ಹಾಲಿನವನಿಂದ ಹಿಡಿದು ಕಸದ ಗಾಡಿಯವನ ತನಕ ಯಾರನ್ನೂ ಬಿಟ್ಟವಳಲ್ಲ. ಆದರೆ ಅಳಿಯನ ತಾಯಿ, ನನ್ನ ಬೀಗತಿ, ಮನೆಗೆ ಬಂದರೆ ಈ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಹೆಣ್ಣು ಕೊಟ್ಟವರು ಗಂಡಿನ ಕಡೆಯವರಿಗೆ ಎದುರಾಡಬಾರದು ಅನ್ನುವುದು ನಮ್ಮಲ್ಲಿ ಯಾರೂ ಹೇಳಿಕೊಡದೆ ಕಲಿಯುವ ಪಾಠ. ಆ ದರಿದ್ರ ಪಾಠ ನನ್ನ ಮೊಮ್ಮಗಳ ಉಸಿರಿಗೇ ಸಂಚಕಾರ ತಂದಿತ್ತು.

ಮಗಳು ಬಾಣಂತನಕ್ಕೆ ನಮ್ಮಲ್ಲಿದ್ದಳು. ಕೂಸಿಗೆ ಆಗಷ್ಟೇ ಮೂರು ತಿಂಗಳು ತುಂಬಿತ್ತು. ಶೀತವಾಗಿ ಮೂಗು ಕಟ್ಟಿ, ಮೊಲೆ ಹಿಡಿಯಲಾರದೆ ಮನೆ ಹಾರಿಹೋಗುವ ಹಾಗೆ ಅಳುತ್ತಿತ್ತು. ಸುದ್ದಿ ಕೇಳಿದ್ದೇ ತಡ, ಬೀಗತಿ ಭಾನುವಳ್ಳಿಯಿಂದ ಹೊರಟು, ಹರಿಹರದಲ್ಲಿ ಬಸ್ಸು ಬದಲಿಸಿ, ಬೆಳಿಗ್ಗೆಯೇ ಬಾಗಿಲಲ್ಲಿ ನಿಂತಿದ್ದರು. ಚೀಲದ ತುಂಬ ಬಾಣಂತಿಗೆ ಸಬ್ಬಸಿಗೆ ಸೊಪ್ಪು, ಒಂದು ಡಬ್ಬಿ ಬೆಣ್ಣೆ.

"ಕೂಸು ಸೊರಗೈತಲ್ರಿ! ಸುತ್ತು ಹಾಕ್ತೀರೋ ಇಲ್ಲೋ?" ಅಂದರು.

ಸುತ್ತು ಅಂದರೆ ಬಜೆ, ಜಾಯಿಕಾಯಿ ಇಂಥವನ್ನು ತಾಯಿಯ ಹಾಲು ಬಿಟ್ಟು ಕಲ್ಲಿನ ಮೇಲೆ ಒಂದೊಂದೇ ಸುತ್ತು ತೇಯ್ದು, ಬೆರಳಲ್ಲಿ ಕೂಸಿಗೆ ನೆಕ್ಕಿಸುವುದು. ಆಸ್ಪತ್ರೆಯಲ್ಲಿ ಬೇಡವೆಂದಿದ್ದಕ್ಕೆ ನಾವು ಹಾಕಿರಲಿಲ್ಲ. ಅಷ್ಟು ಮಾತ್ರ ಹೇಳಿದೆ. "ಡಾಕ್ಟ್ರಿಗೇನು ಗೊತ್ತು ಬಿಡ್ರಿ" ಅಂದವರೇ ಸೀರೆ ಎತ್ತಿ ಕಟ್ಟಿ, ಕಾಲ ಮೇಲೆ ಮಲಗಿಸಿಕೊಂಡು ಕೂಸಿಗೆ ನೀರು ಹಾಕಿದರು. ಆಮೇಲೆ ಕಲ್ಲು ತರಿಸಿ ಕೂತರು. ಒಂದು ಸುತ್ತಿಗೆ ನಿಲ್ಲಬೇಕಾದ ಕೈ ನಿಲ್ಲಲೇ ಇಲ್ಲ. "ಪಾಪ, ನಿದ್ದಿಗೆಟ್ಟೈತೆ, ಜಾಯಿಕಾಯಿ ಸ್ವಲ್ಪ ಜಾಸ್ತಿನೇ ಇರ್ಲಿ" ಅನ್ನುತ್ತ ತೇಯ್ದೇ ತೇಯ್ದರು.

ಕೂಸು ಮಲಗಿತು. ಅಬ್ಬಾ, ಮನೆಗೆ ಏನು ನೆಮ್ಮದಿ! "ನೋಡ್ರಿ, ಹೆಂಗೆ ಮಲಗೈತೆ" ಅಂತ ಬೀಗತಿಗೆ ಹೆಮ್ಮೆಯೋ ಹೆಮ್ಮೆ. ನಾವೂ ಬಿಸಿ ರೊಟ್ಟಿ ಉಂಡು ಅವರನ್ನು ಹೊಗಳಿದೆವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಗಳ ಕುಪ್ಪಸವೆಲ್ಲ ಹಾಲಿನಿಂದ ತೊಯ್ದಿದ್ದು ಕಣ್ಣಿಗೆ ಬಿತ್ತು. ಇಷ್ಟು ಹೊತ್ತು ಹಾಲಿಗಾಗಿ ಏಳದ ಕೂಸು ಇರುತ್ತದೆಯೇ? ಎತ್ತಿಕೊಂಡೆ. ಕತ್ತು ಹಿಂದಕ್ಕೆ ಬಿತ್ತು. ಅಂಗಾಲು ಚಿವುಟಿದೆ, ಕೂಗಿದೆ, ಮುಖಕ್ಕೆ ತಣ್ಣೀರು ಸವರಿದೆ. ಕಣ್ಣು ತೆರೆಯಲಿಲ್ಲ. ತುಟಿಯ ಬಣ್ಣವೇ ಬೇರೆಯಾಗಿತ್ತು.

ಚಪ್ಪಲಿ ಕೂಡ ಮೆಟ್ಟದೆ ಮೂವರೂ ಆಟೋ ಹತ್ತಿದೆವು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೂಸಿನ ಎದೆಗೆ ಸ್ಟೆತಸ್ಕೋಪು ಇಟ್ಟು, ರೆಪ್ಪೆ ಎತ್ತಿ ನೋಡಿ, "ಮಗುಗೆ ಏನು ಔಷಧಿ ಕೊಟ್ರಿ?" ಅಂದರು.

"ಏನೂ ಕೊಟ್ಟಿಲ್ರಿ" ಅಂದರು ಬೀಗತಿ. ಸುಳ್ಳು ಹೇಳಿದ್ದಲ್ಲ. ಅವರ ಲೆಕ್ಕದಲ್ಲಿ ಔಷಧಿ ಅಂದರೆ ಅಂಗಡಿಯಿಂದ ತರುವುದು. ಮನೆಯ ಕಲ್ಲಿನ ಮೇಲೆ ತೇಯುವುದಲ್ಲ. ಮಗಳು ನೆಲ ನೋಡುತ್ತ ತಾನೂ ತಲೆಯಾಡಿಸಿದಳು.

"ಉಸಿರು ನಿಧಾನ ಆಗ್ತಿದೆ. ಇದು ಬರೀ ನಿದ್ದೆ ಅಲ್ಲ. ಬೈಯಲ್ಲ, ನಿಜ ಹೇಳಿ."

ಇನ್ನು ನನ್ನಿಂದ ತಡೆಯಲಾಗಲಿಲ್ಲ. "ಜಾಯಿಕಾಯಿ ತೇಯ್ದು ನೆಕ್ಕಿಸ್ಯಾರ್ರಿ! ಒಂದು ಸುತ್ತಲ್ಲ, ಕೈ ಸೋಲೋ ತನಕ ತೇಯ್ದಾರ!"

ಬೀಗತಿಯ ಮುಖ ಕೆಂಪಾಯಿತು. "ನನ್ನ ಮಕ್ಕಳೆಲ್ಲ ಅದನ್ನೇ ನೆಕ್ಕಿ ಬೆಳೆದಾರ. ನಾನೇನು ವಿಷ ಹಾಕೀನಾ?"

"ಜಗಳ ಆಮೇಲೆ ಆಡಾಣ. ಈಗ ಬಾಯಿ ಮುಚ್ರಿ!" ಅಂದೆ. ಬೀಗತಿಗೆ! ಕಾರಿಡಾರಿನ ಜನವೆಲ್ಲ ತಿರುಗಿ ನೋಡಿತು.

ಅಷ್ಟರಲ್ಲಿ ಮಗಳು ನನ್ನ ರಟ್ಟೆ ಹಿಡಿದಳು. "ಅಮ್ಮ, ನಾನೂ ಕೊಟ್ಟೀನಿ." ಪಕ್ಕದ ಮನೆಯ ಶಾಲೆಗೆ ಹೋಗುವ ಹುಡುಗಿಗೆ ಬರೆದುಕೊಟ್ಟಿದ್ದ ಶೀತದ ಸಿರಪ್ಪು. ಅತ್ತೆ ಬರುವ ಮೊದಲೇ, ಅರ್ಧ ಮುಚ್ಚಳ. ಕೂಸಿಗೆ ಹೊರಗಿನ ಔಷಧಿ ಹಾಕಿದ್ದು ಗೊತ್ತಾದರೆ ಅತ್ತೆ ಬೈದಾರೆಂದು ಉಸಿರೆತ್ತಿರಲಿಲ್ಲ.

"ಅಷ್ಟು ಚಿಕ್ಕ ಮಗುಗೆ ಆ ಸಿರಪ್ಪು ಕೊಡೋ ಹಾಗೇ ಇಲ್ಲ. ಅದೂ ಮಂಪರು, ಇದೂ ಮಂಪರು" ಅಂದ ಡಾಕ್ಟರಮ್ಮ ಕೂಸನ್ನು ಎತ್ತಿಕೊಂಡು ಒಳಗೆ ಓಡಿದರು. ಆಮ್ಲಜನಕ ಹಾಕಿದರಂತೆ, ಸೂಜಿ ಚುಚ್ಚಿದರಂತೆ. ನಮಗೆ ಕಂಡಿದ್ದು ಮುಚ್ಚಿದ ಬಾಗಿಲು ಮಾತ್ರ. ಒಂದೇ ಬೆಂಚಿನ ಈ ತುದಿಗೆ ನಾನು, ಆ ತುದಿಗೆ ಬೀಗತಿ. ಅವರನ್ನು ಹಿಡಿದು ಅಲುಗಾಡಿಸುವಷ್ಟು ಸಿಟ್ಟಿತ್ತು ನನಗೆ. ಅದಕ್ಕಿಂತ ಹೆಚ್ಚು ಹೆದರಿಕೆಯಿತ್ತು. ಹರಿಹರದ ಕಾರ್ಖಾನೆಯಿಂದ ಅಳಿಯ ಓಡಿ ಬಂದ. ಹೆತ್ತ ತಾಯಿ ಅವನ ಕಡೆ ಮುಖವೆತ್ತಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕೂಸು ಕಣ್ಣು ಬಿಟ್ಟಿತೆಂದರು. ಅಷ್ಟು ಕೇಳಿದ ಬೀಗತಿ ಎದ್ದು, ಯಾರಿಗೂ ಹೇಳದೆ, ನಮ್ಮ ಮನೆಗೆ ಬಂದು ಕುಂಕುಮವನ್ನೂ ತಗೊಳ್ಳದೆ ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟರು. ಹೋಗಲಿ, ಅಂದುಕೊಂಡೆ. ಸಂಬಂಧ ಮುರಿದರೆ ಮುರಿಯಲಿ, ಕೂಸು ಉಳೀತಲ್ಲ.

ಕೂಸು ಮನೆಗೆ ಬಂದ ಮಾರನೆಯ ದಿನ ಅವರ ಫೋನು. ನಮಸ್ಕಾರವಿಲ್ಲ, ಊಟ ಆಯ್ತಾ ಅನ್ನುವ ಮಾತಿಲ್ಲ.

"ಕೂಸು ಏನು ಮಾಡ್ತೈತ್ರಿ?"

"ಮಲಗೈತ್ರಿ" ಅಂದೆ.

ಆ ಮಾತು ಆಡಿದ್ದೇ ನನಗೆ ಆವತ್ತಿನ ಮಧ್ಯಾಹ್ನ ಕಣ್ಣ ಮುಂದೆ ಬಂತು.

"ಒಂದೀಟು ಎಬ್ಬಿಸ್ರಿ" ಅಂದರು, ಬೇಡಿಕೊಳ್ಳುವ ದನಿಯಲ್ಲಿ.

ಅವರು ಹೇಳುವ ಮೊದಲೇ ನಾನು ತೊಟ್ಟಿಲಿಗೆ ಕೈ ಹಾಕಿದ್ದೆ. ಕೂಸು ಬೆಚ್ಚಿ ಎದ್ದು, ಕಿವಿ ಕಿತ್ತುಹೋಗುವ ಹಾಗೆ ಅತ್ತಿತು. ಮಗಳು ಒಳಗಿನಿಂದ "ಯಾಕಮ್ಮ ಎಬ್ಬಿಸ್ದೆ?" ಅಂತ ರೇಗಿದಳು. ನಾನು ಫೋನನ್ನು ಕೂಸಿನ ಬಾಯಿಯ ಹತ್ತಿರ ಹಿಡಿದು ಕೂತೆ. ಬೀಗತಿ ಸಾಕು ಅನ್ನಲಿಲ್ಲ, ನಾನೂ ತೆಗೆಯಲಿಲ್ಲ.