ಎಲ್ಲಕ್ಕಿಂತ ದೊಡ್ಡ ಗೋಲ

ಮನೆಯ ಸಾಮಾನಿನಿಂದಲೇ ಮಕ್ಕಳಿಗೆ ಆಕಾರ ಕಲಿಸುವುದನ್ನು ತಾಯಂದಿರಿಗೆ ತೋರಿಸಿಕೊಡುವುದು ನನ್ನ ಕೆಲಸ. ಹಾಗೇ ನಾಗಣಸೂರಿನಲ್ಲಿ ಹೊಲದೊಳಗಿನ ಒಂದು ಮನೆಗೆ ಹೋಗಿದ್ದೆ. ಆ ಮನೆಯ ಪುಟ್ಟ ಹುಡುಗಿ ಸಾನ್ವಿ ಬಳೆ, ತಾಟು, ಜೋಳದ ಭಾಕ್ರಿ ಎಲ್ಲವನ್ನೂ "ಗೋಲ, ಗೋಲ" ಅನ್ನುತ್ತ ತಂದು ಮುಂದಿಟ್ಟಳು. ನಾನೂ ಹುರುಪಿನಲ್ಲಿ, "ಈಗ ಎಲ್ಲಕ್ಕಿಂತ ದೊಡ್ಡ ಗೋಲ ತಗೊಂಡ ಬಾ ನೋಡೂಣು" ಅಂದೆ. ಅವಳು ಓಡಿದಳು. ನಾವು ಚಹಾ ಕುಡಿದು ಮುಗಿಸಿದರೂ ಬರಲಿಲ್ಲ.

ಒಳಗೆಲ್ಲ ಹುಡುಕಿ ಬಂದ ತಾಯಿ ಅಂಗಳದಲ್ಲೇ ನಿಂತುಬಿಟ್ಟಳು. "ಅಕ್ಕೋರ, ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಗೋಲ ಅಂದ್ರ ಬಾವೀನ ರೀ!"

ಸಾನ್ವಿಯ ಅಜ್ಜಿ ಬರಿಗಾಲಲ್ಲಿ ನಮಗಿಂತ ಮುಂದೆ ಓಡಿದರು. ಕಟ್ಟೆಯಿಲ್ಲದ ಬಾವಿ. ಬಗ್ಗಿ ನೋಡಿದರೆ ಹಸಿರು ನೀರು ಅಲ್ಲಾಡುತ್ತಿರಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ.

ತಾಯಿ ಚೀರಿ ಕರೆದಾಗ ಕೊಟ್ಟಿಗೆಯ ಹಿಂದಿನಿಂದ ಉತ್ತರ ಬಂತು: "ಯವ್ವಾ, ಇದು ಬರವಲ್ದು!" ಸಾನ್ವಿ ಟ್ರ್ಯಾಕ್ಟರಿನ ಹಿಂದಿನ ಗಾಲಿಯನ್ನು ತಬ್ಬಿಕೊಂಡು ಎಳೆಯುತ್ತಿದ್ದಳು.

ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ಬಂದು ನನ್ನನ್ನೇ ದಿಟ್ಟಿಸಿದರು. "ಅಕ್ಕೋರ, ಗೋಲ ಸಾಕು. ಇನ್ನ ಚೌಕೋನ ಕಲಸ್ರಿ."

ಚೌಕೋನದ ಬಾವಿಗಳೂ ಇರುತ್ತವೆ ಅಂತ ಹೇಳುವ ಧೈರ್ಯ ನನಗಾಗಲಿಲ್ಲ.