ಹೆಸರು ಹಿಡಿದು ಕರೆಯುವ ಮೈಕು

ಬೆಳಗಿನ ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ಗೋಕುಲ ರಸ್ತೆಯಿಂದ ಒಳಗೆ ಹೊರಳುವ ಓಣಿಯ ಬಾಯಲ್ಲಿ ಇಮಾಮಹುಸೇನ ಆಟೊ ನಿಲ್ಲಿಸಿ, ಮೈಕನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಾರೆ. ಆರರೊಳಗೆ ಮೈಕಿನಲ್ಲಿ ಕೂಗುವುದು ಕಾನೂನಿನ ಪ್ರಕಾರ ತಪ್ಪು. ಮೊದಲಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಈಗ ಇವರು ತಪ್ಪು ಮಾಡುವುದನ್ನೇ ಕಾದು ಕೂತವರಿದ್ದಾರೆ. ಪತ್ರಿಕೆಗೆ ಬರೆಯಲೆಂದು ಬಂದು ಹಿಂದಿನ ಸೀಟಿನಲ್ಲಿ ಕೂತ ನಾನು ಕನ್ನಡಿಯಲ್ಲಿ ಅವರ ಕಣ್ಣು ನೋಡುತ್ತೇನೆ. ಅವು ಓಣಿಯನ್ನು ನೋಡುತ್ತಿಲ್ಲ, ನಮ್ಮ ಹಿಂದೆ ಬಂದು ನಿಂತ ಬೈಕೊಂದನ್ನು ನೋಡುತ್ತಿವೆ.

ಆರು ಬಡಿದ ಮೇಲೆ ಮೈಕು ಬಾಯಿಗೆ ಹೋಗುತ್ತದೆ. ಆದರೆ ಮೊದಲು ಬರುವುದು ಸುದ್ದಿಯಲ್ಲ.

“ಗೌರಕ್ಕಾರ, ಎಮ್ಮಿ ಹಿಂಡೂದು ಆತೇನ್ರಿ? ನಾ ಇಮಾಮಹುಸೇನ ಮಾತಾಡಾಕತ್ತೇನಿ. ನಿಮ್ಮ ಬಾಗಲ ಮುಂದ ನಿಂತೇನಿ.”

ಗೌರಕ್ಕ ಬಾಗಿಲು ತೆಗೆದು, ಆಟೊದೊಳಗೆ ಬಗ್ಗಿ ಮುಖ ನೋಡಿ, ಹೌದೆಂದು ಓಣಿಗೆಲ್ಲ ಕಾಣುವಂತೆ ಕೈ ಎತ್ತುತ್ತಾರೆ. ಸುದ್ದಿ ಏನಿದ್ದರೂ ಆಮೇಲೆ. ಸೋಮವಾರ ಮುಂಜಾನೆ ವಿಧಾನಸಭೆಯ ಸಮಿತಿ ಸಿದ್ದವ್ವನ ಕೆರೆಗೆ ಬರುತ್ತದೆ, ಮನೆಗೊಬ್ಬರಾದರೂ ದಂಡೆಗೆ ಬನ್ನಿ ಎಂದು ಕೂಗಿ ಆಟೊ ಮುಂದಿನ ಓಣಿಗೆ ಹೊರಡುತ್ತದೆ. ಅಲ್ಲಿ ಇನ್ನೊಬ್ಬರ ಹೆಸರು, ಇನ್ನೊಂದು ಬಾಗಿಲು.

ಹುಬ್ಬಳ್ಳಿಗೆ ಇವರ ದನಿ ಗೊತ್ತು, ಮುಖ ಗೊತ್ತಿಲ್ಲ. ದುರ್ಗದಬೈಲಿನ ಸೀರೆ ಅಂಗಡಿಯ ರಿಯಾಯಿತಿ, ವಿದ್ಯಾನಗರದ ರಕ್ತದಾನ ಶಿಬಿರ, ಜಾತ್ರೆಯಲ್ಲಿ ಕಳೆದ ಮಗು, ನಳಕ್ಕೆ ನೀರು ಬಾರದ ದಿನ, ಎಲ್ಲವನ್ನೂ ಊರು ಕೇಳಿದ್ದು ಇವರ ಬಾಯಿಂದಲೇ. ತಂದೆ ಟಾಂಗಾದಲ್ಲಿ ಕೂತು ಟಾಕೀಸುಗಳ ಆಟದ ಸುದ್ದಿ ಕೂಗುತ್ತಿದ್ದರು. ಮಗ ಆಟೊ ಹತ್ತಿದರು, ಅಷ್ಟೇ ವ್ಯತ್ಯಾಸ. ಈ ಕಸುಬಿನಲ್ಲಿ ದಿನವಿಡೀ ಗಂಟಲು ಹರಿದುಕೊಳ್ಳುವವರಿಲ್ಲ. ಒಮ್ಮೆ ಅಂಗಡಿಯಲ್ಲಿ ಕೂತು ಮಾತು ರೆಕಾರ್ಡ್ ಮಾಡಿಸಿ, ಪೆನ್‌ಡ್ರೈವ್ ಹಾಕಿಕೊಂಡು ಓಣಿ ಸುತ್ತುವುದು ರೂಢಿ. ಹಾಗಾಗಿ ಇವರು ಆಡಿದ ಮಾತೆಲ್ಲ ಎಲ್ಲೆಲ್ಲೋ, ಯಾರ್‍ಯಾರ ಬಳಿಯೋ ಉಳಿದಿದೆ.

ಕಳೆದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ಸಿದ್ದವ್ವನ ಕೆರೆ ಉಳಿಸುವುದಾಗಿ ಭರವಸೆ ಕೊಟ್ಟ. ಭರವಸೆ ಅವನದು, ದನಿ ಇಮಾಮಹುಸೇನರದು. ಅವನು ಗೆದ್ದ ಮೇಲೆ ಟಿಪ್ಪರುಗಳು ಬಂದು ಕೆರೆಗೆ ಒಡೆದ ಕಟ್ಟಡಗಳ ಕಲ್ಲುಮಣ್ಣು ಸುರಿಯತೊಡಗಿದವು. ಮಳೆಗಾಲದಲ್ಲಿ ನಿಲ್ಲಲು ಜಾಗವಿಲ್ಲದ ನೀರು ಮನೆಗಳಿಗೆ ನುಗ್ಗಿತು. ಬೇಸಿಗೆಯಲ್ಲಿ ಬೋರುಗಳು ಬತ್ತಿದವು. ಜನ ಗೆದ್ದ ಶಾಸಕರನ್ನು ಹುಡುಕಲಿಲ್ಲ. ಶಾಸಕರು ಎಲ್ಲಿ ಸಿಗುತ್ತಾರೆ? ಮೈಕು ದಿನಾ ಸಿಗುತ್ತದೆ. ಕೆರೆ ಉಳಿಸುತ್ತೇವೆ ಅಂದವರು ನೀವೇ ಅಲ್ಲವೇ ಎಂದು ಗೌರಕ್ಕ ಆಟೊ ತಡೆದು ಕೇಳಿದರಂತೆ. ಅಂದಿನಿಂದ ಇವರು ಕೆರೆ ಉಳಿಸುವವರ ಜೊತೆಗಿದ್ದಾರೆ, ಬಿಟ್ಟಿಯಾಗಿ.

ಕೆರೆಯನ್ನು ಸರ್ಕಾರದ ಕೆರೆಗಳ ಪಟ್ಟಿಯಿಂದ ಕೈಬಿಡುವ ಪ್ರಸ್ತಾವ ಬೆಂಗಳೂರಿನಲ್ಲಿ ಕೂತಿದೆ. ಜನರ ಅಹವಾಲು ಕೇಳಲು ಸಮಿತಿ ಹಿಂದೊಮ್ಮೆ ಬಂದಿತ್ತು. ಅದರ ಹಿಂದಿನ ಸಂಜೆ ಇಮಾಮಹುಸೇನ ಜ್ವರದಿಂದ ಮನೆಯಲ್ಲಿ ಮಲಗಿದ್ದಾಗ, ಹೊರಗೆ ಓಣಿಯಲ್ಲಿ ಅವರದೇ ದನಿ ಕೇಳಿಸಿತು. ‘ನಾಳಿನ ಕಾರ್ಯಕ್ರಮವನ್ನು ಮುಂದೂಡಲಾಗಿದೆ, ಸಾರ್ವಜನಿಕರು ಸಹಕರಿಸಬೇಕು.’ ಎಂದೋ ನೀರು ಸರಬರಾಜಿಗೆಂದು, ಯಾವುದೋ ಸಭೆಗೆಂದು ಆಡಿದ ಮಾತುಗಳನ್ನು ಯಾರೋ ಕತ್ತರಿಸಿ ಜೋಡಿಸಿದ್ದರು. ಎದ್ದು ಹೊರಗೆ ಓಡಿದರೆ ಅದನ್ನು ಕೇಳಿಸುತ್ತಿದ್ದ ಆಟೊ ದಾಟಿ ಹೋಗಿತ್ತು.

“ನಾ ಹಾಸಿಗ್ಯಾಗ, ನನ್ನ ಧ್ವನಿ ರಸ್ತಾದಾಗ. ಸತ್ತೇನೇನೋ ಅನಿಸಿತ್ರಿ,” ಎನ್ನುತ್ತಾರೆ.

ಮರುದಿನ ದಂಡೆಯ ಮೇಲೆ ಜನವಿರಲಿಲ್ಲ. ಸಮಿತಿ ಖಾಲಿ ಕುರ್ಚಿ ನೋಡಿ, ಆಕ್ಷೇಪಣೆ ಇಲ್ಲವೆಂದು ಬರೆದುಕೊಂಡು ಹೋಯಿತು. ಊರವರು ಓಡಾಡಿ, ಧಾರವಾಡದ ವಕೀಲರನ್ನು ಹಿಡಿದು, ಇನ್ನೊಂದು ಸಲ ಕೇಳಿಸಿಕೊಳ್ಳಲು ಸಮಿತಿಯನ್ನು ಒಪ್ಪಿಸಿದ್ದಾರೆ. ಸೋಮವಾರದ್ದೇ ಕೊನೆಯದು. ಅಂದೂ ದಂಡೆ ಖಾಲಿಯಾದರೆ ಕೆರೆ ಹೋದಂತೆಯೇ. ಅದಕ್ಕೇ ಈಗ ಪೆನ್‌ಡ್ರೈವ್ ಇಲ್ಲ. ಬಾಗಿಲಿಗೊಂದು ಹೆಸರು, ದಿನಕ್ಕೊಂದು ಹೊಸ ಪ್ರಶ್ನೆ, ಹಳೆಯ ರೆಕಾರ್ಡಿನಲ್ಲಿ ಸಿಗದಂಥವು.

ಹೀಗೆ ಶುರುವಾದ ಮೇಲೆ ಮನೆಗೆ ಇಬ್ಬರು ಬಂದಿದ್ದರು. ಬೈಯಲಿಲ್ಲ, ಹೊಡೆಯಲಿಲ್ಲ, ಪತ್ನಿ ರಾಜಬಿ ಕೊಟ್ಟ ಚಹಾ ಕುಡಿದರು. ಹೋಗುವಾಗ ಒಂದೇ ಮಾತು ಹೇಳಿದರು: “ಕಾಕಾನ ಗಂಟ್ಲ ಭಾಳ ಛಲೋ ಐತ್ರಿ. ಜ್ವಾಕಿ ಮಾಡ್ರಿ.” ಅದನ್ನು ನನಗೆ ಹೇಳುವಾಗಲೂ ರಾಜಬಿಯ ಕೈ ತಮ್ಮ ಕೊರಳಿಗೇ ಹೋಗುತ್ತದೆ. ಗಂಡ ಹೊರಗೆ ಹೋದರೆ ಅವರು ಕಿಟಕಿ ತೆರೆದಿಟ್ಟು ಕೂರುತ್ತಾರೆ. ದೂರದಿಂದ ಮೈಕು ಕೇಳಿದರೆ ಮೊದಲೆಲ್ಲ ಸಮಾಧಾನವಾಗುತ್ತಿತ್ತಂತೆ. ಈಗ ಅದೂ ಇಲ್ಲ. ಕೇಳುತ್ತಿರುವುದು ಗಂಡನೋ, ಗಂಡನ ರೆಕಾರ್ಡೋ?

ಕೊನೆಯ ಓಣಿಯಲ್ಲಿ ಫಕೀರಪ್ಪ ಎಂಬುವವರ ಹೆಸರು ಹಿಡಿದು ಮೂರು ಸಲ ಕರೆದರೂ ಬಾಗಿಲು ತೆರೆಯುವುದಿಲ್ಲ. ಒಳಗೆ ದೀಪವಿದೆ, ಪರದೆ ಅಲುಗುತ್ತದೆ. ಬೈಕು ಇನ್ನೂ ಹಿಂದೆಯೇ ಇದೆ. ನಿಮಗೆ ಅಂಜಿಕೆ ಇಲ್ಲವೇ ಎಂದು ಕೇಳುತ್ತೇನೆ.

“ಐತ್ರಿ. ಫಕೀರಪ್ಪಗೂ ಐತಿ, ಅದಕ್ಕ ಬಾಗಲಾ ತಗೀವಲ್ರು. ತಪ್ಪಲ್ಲರಿ ಅದು.”

ಆಟೊ ಹೊರಳಿಸುತ್ತಾರೆ. ಮುಖ್ಯ ರಸ್ತೆಗೆ ಬಂದು ನನ್ನನ್ನು ಇಳಿಸುವಾಗ, ಪತ್ರಿಕೆಯಲ್ಲಿ ತಮ್ಮ ಫೋಟೊ ದೊಡ್ಡದಾಗಿ ಬರಲಿ ಎಂದು ಕೇಳಿಕೊಳ್ಳುತ್ತಾರೆ. ಮುಖ ಜನರಿಗೆ ಗೊತ್ತಾಗಲಿ ಎಂದು. ಮತ್ತೇನು ಬರೆಯಲಿ ಎಂದರೆ ಮೈಕಿನ ಸ್ವಿಚ್ಚು ಆರಿದೆಯೇ ಎಂದು ಒಮ್ಮೆ ನೋಡಿಕೊಂಡು, ದನಿ ತಗ್ಗಿಸುತ್ತಾರೆ.

“ನನಗ ಏನರ ಆತು ಅಂದ್ರ ನನ್ನ ಧ್ವನಿ ನಿಂದ್ರೂದಿಲ್ರಿ. ಮರುದಿನಾನೂ ಓಣ್ಯಾಗ ಬರ್ತೈತಿ, ಅವರು ಹೇಳಿದ್ದ ಹೇಳ್ತೈತಿ. ನಿಮ್ಮ ಹೆಸರ ಹಿಡದು ಕರೀಲಿಲ್ಲ ಅಂದ್ರ ಅದು ನಾ ಅಲ್ಲ ಅಂತ ಬರೀರಿ.”