ಕಿಕ್ಕರಿನ ಕೆಳಗೆ ಕೊಟ್ಟ ಕೈ

ಬೆಳಿಗ್ಗೆ ಅಂಗಡಿಯ ಎದುರುಗಡೆ ಯಾರೋ ಬೈಕಿನ ಇಂಜಿನ್ ಬಿಚ್ಚಿ ಕೂತಿದ್ದರು. ಸುಟ್ಟ ಆಯಿಲ್, ಸೀಮೆಎಣ್ಣೆ... ಆ ವಾಸನೆ ಬಂದ ಮೇಲೆ ನನಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ತುರುವೇಕೆರೆಯ ನನ್ನ ಹೊಲಿಗೆ ಅಂಗಡಿಯ ಪಕ್ಕದಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ ಮೇಸ್ತ್ರಿ ನೆನಪಾದರು.

ಪಿಸ್ಟನ್ ಮೇಲೇರುವುದಕ್ಕೂ ವಾಲ್ವ್ ತೆರೆಯುವುದಕ್ಕೂ ಒಂದು ಹೊಂದಿಕೆ ಇರಬೇಕಂತೆ. ಅದನ್ನು ಕಾಯುವುದು ಒಳಗಿನ ಸಣ್ಣ ಚೈನು. ಅದು ಚಕ್ರದ ಹಲ್ಲು ತಪ್ಪಿ ಕೂತರೆ ಪಿಸ್ಟನ್ನು ವಾಲ್ವಿಗೆ ಗುದ್ದುತ್ತದೆ. ಇದನ್ನೆಲ್ಲ ನನಗೆ ಹೇಳಿದವರು ಅವರೇ. ಪಿಸ್ಟನ್ ತುದಿಗೆ ಬಂತೇ ಎಂದು ನೋಡಲು ಪ್ಲಗ್ಗಿನ ತೂತಿನಲ್ಲಿ ತೆಂಗಿನಗರಿಯ ಕಡ್ಡಿ ಇಳಿಬಿಡುತ್ತಿದ್ದರು. ಹಸಿ ಕಡ್ಡಿಯೇ ಆಗಬೇಕು, ಒಣಗಿದ್ದು ಒಳಗೇ ಮುರಿಯುತ್ತದೆ. ಕಡ್ಡಿ ಮೆಲ್ಲಗೆ ಏರಿ, ಇನ್ನೇನು ಇಳಿಯಬೇಕು ಎನ್ನುವಾಗ ಅವರು ಉಸಿರು ಬಿಗಿಹಿಡಿಯುತ್ತಿದ್ದರು. ಗುರುತಿನ ಗೆರೆಗಳನ್ನು ಹೊಂದಿಸಿ, ಚೈನು ಕೂರಿಸಿ, ಆಮೇಲೆ ಒಳಗೆ ಎಲ್ಲಾದರೂ ತಾಗುತ್ತದೆಯೇ ಎಂದು ನೋಡಲು ಪಾನಾ ಹಾಕಿ ಇಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ಸುತ್ತಿಸುತ್ತಿದ್ದರು. ಅಲ್ಲಿಯವರೆಗೆ ಯಾರೂ ಕಿಕ್ಕರ್ ಮುಟ್ಟುವಂತಿರಲಿಲ್ಲ.

ಆ ದಿನ ಬಂದಿದ್ದವನು ಹಾಲ್ಕುರಿಕೆ ಕಡೆಯ ತೆಂಗಿನಕಾಯಿ ಕೀಳುವಾತ. ತೋಟದಿಂದ ತೋಟಕ್ಕೆ ತಿರುಗಲು ಆತನಿಗಿದ್ದದ್ದು ಅದೊಂದೇ ಗಾಡಿ. ಮೇಸ್ತ್ರಿ ಚೈನು ಕೂರಿಸಿ ಪಾನಾ ಎತ್ತಿಕೊಳ್ಳಲು ತಿರುಗಿದರು.

"ಅದೇನ್ ಮೇಸ್ತ್ರಿ, ಹೆಣ್ಣು ನೋಡಾಕ್ ಬಂದೋನಂಗೆ ಸುತ್ತಾ ನೋಡ್ತಾ ಕುಂತಿದ್ದೀಯ! ಒಂದ್ಸಲ ತುಳೀತೀನಿ ಬುಡು," ಎಂದು ಆತ ಕಾಲೆತ್ತಿದ.

"ಬ್ಯಾಡ ಕಣ್ಲಾ!"

ಕಾಲು ಆಗಲೇ ಇಳಿಯುತ್ತಿತ್ತು. ಮೇಸ್ತ್ರಿ ಕಿಕ್ಕರಿನ ಕೆಳಗೆ ಬಲಗೈ ಕೊಟ್ಟರು. ಕಿಕ್ಕರ್ ಅಲ್ಲೇ ನಿಂತಿತು. ಮೂಳೆಯ ಸದ್ದು ನಾನು ಕೂತಲ್ಲಿಗೆ ಕೇಳಿಸಿತು.

"ಆಸ್ಪತ್ರೆಗೆ ನಡೀರಿ," ಎಂದು ಓಡಿದೆ.

"ತಾಳ್ರೀ," ಎಂದವರು ಎಡಗೈಯಲ್ಲಿ ಪಾನಾ ಹಿಡಿದು ಇಂಜಿನ್ ಸುತ್ತಿಸಿದರು. ಸ್ವಲ್ಪ ತಿರುಗಿ ಗಕ್ಕೆಂದು ನಿಂತಿತು. ಚೈನು ಹಲ್ಲು ತಪ್ಪಿತ್ತು.

"ತಪ್ಪು ನಂದೇ ಕಣಪ್ಪ, ಗೆರೆ ಸರಿಯಾಗಿ ಕಾಣ್ಲಿಲ್ಲ. ನೀನು ತುಳಿದಿದ್ರೆ ವಾಲ್ವು ಬಗ್ಗೋಗ್ತಿತ್ತು."

ತಮ್ಮ ಕೈಯನ್ನು ಜಜ್ಜಿದವನಿಗೆ ಅವರು ಹೇಳಿದ ಮಾತು ಇಷ್ಟೇ. ಆತ ಅಳುತ್ತಿದ್ದ. ನಾನು ಎಷ್ಟು ಹೇಳಿದರೂ ಕೇಳದೆ, ಆತನ ಕೈಯಿಂದಲೇ ಗೆರೆ ಹೊಂದಿಸಿ, ಚೈನು ಕೂರಿಸಿ, ಸುತ್ತಿಸಿ ನೋಡಿ, ಎಲ್ಲ ಮುಚ್ಚಿಸಿದರು. ಬಾತ ಕೈಯನ್ನು ಎದೆಗೊತ್ತಿಕೊಂಡು ಅದೇ ಗಾಡಿಯ ಹಿಂದೆ ಕೂತು ಆಸ್ಪತ್ರೆಗೆ ಹೋದರು.

ಆ ಬೆರಳುಗಳು ಮತ್ತೆ ಪೂರ್ತಿ ಮಡಚಿಕೊಳ್ಳಲಿಲ್ಲ. ಇಂಜಿನ್ ಬಿಚ್ಚುವುದನ್ನು ಬಿಟ್ಟರು...

ಹೋದ ತಿಂಗಳು ಮೇಸ್ತ್ರಿ ತೀರಿಕೊಂಡರು. ಅವರು ಎಣ್ಣೆ ಬಿಡುತ್ತಿದ್ದ ನನ್ನ ಹೊಲಿಗೆ ಮಿಷನ್ನಿಗೆ ಈಗ ನಾನೇ ಬಿಡುತ್ತೇನೆ. ಎಣ್ಣೆ ಹೆಚ್ಚಾಗಿ, ಬಟ್ಟೆಗೆ ಕಲೆಯಾಗುತ್ತದೆ. ಮೇಸ್ತ್ರಿಯನ್ನು ಮಣ್ಣು ಮಾಡುವ ದಿನ ಕಾಯಿ ಕೀಳುವಾತನೂ ಬಂದಿದ್ದ, ಅದೇ ಗಾಡಿಯಲ್ಲಿ. ಎಲ್ಲ ಮುಗಿದು ಹೊರಡುವಾಗ ಮೇಸ್ತ್ರಿಯ ಮನೆ ಮುಂದೆ ಆತ ಕಿಕ್ ಹೊಡೆಯಲಿಲ್ಲ. ದೊಡ್ಡ ರಸ್ತೆ ಸಿಗುವವರೆಗೂ ಗಾಡಿಯನ್ನು ತಳ್ಳಿಕೊಂಡೇ ಹೋದ.